ಎರಡು ಕವಲಿನ ಮರದ ಮೇಲೆ ಮಾರ್ಕೊವ್ ಫೀಲ್ಡ್: ಸರಾಸರಿ ಸರಿ ಬರುತ್ತಿದೆ, ಗಂಟೆಯಾಕಾರ ಮಾತ್ರ ಬರುತ್ತಿಲ್ಲ

ಕವಲುದಾರಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ. ತಪ್ಪು ನನ್ನ ಪ್ರೋಗ್ರಾಮಿನಲ್ಲಿದೆಯೋ, ನನ್ನ ತಿಳಿವಳಿಕೆಯಲ್ಲಿದೆಯೋ ಗೊತ್ತಾಗುತ್ತಿಲ್ಲ.

ಮಾಡಿದ್ದು ಇಷ್ಟು. ಒಂದು ಮರ, ಪ್ರತಿ ನೋಡ್‌ಗೆ ಎರಡು ಮಕ್ಕಳು. ಬೇರಿನಲ್ಲಿ ನಾಣ್ಯ ಚಿಮ್ಮಿ +1 ಅಥವಾ −1 ಇಡುತ್ತೇನೆ. ಆಮೇಲೆ ಪ್ರತಿ ಮಗು ತನ್ನ ತಾಯಿಯ ಚಿಹ್ನೆಯನ್ನೇ ನಕಲು ಮಾಡುತ್ತದೆ. 0.05 ಸಂಭವನೀಯತೆಯಲ್ಲಿ ಮಾತ್ರ ಚಿಹ್ನೆ ತಿರುಗುತ್ತದೆ. 10ನೇ ತಲೆಮಾರಿನಲ್ಲಿ 1024 ನೋಡ್‌ಗಳಿವೆ. ಅವನ್ನೆಲ್ಲ ಕೂಡಿ 32ರಿಂದ ಭಾಗಿಸುತ್ತೇನೆ, ಅಂದರೆ √1024ರಿಂದ. ಇದನ್ನು ಸಾವಿರಾರು ಸಲ ಮಾಡಿ ಹಿಸ್ಟೋಗ್ರಾಮ್ ಬರೆದೆ. ಗಂಟೆಯಾಕಾರ (ನಾರ್ಮಲ್ ಹಂಚಿಕೆ) ಬರಬೇಕಿತ್ತು. ಬಂದದ್ದು ಎರಡು ಗುಡ್ಡ, ಒಂದು +11ರ ಆಸುಪಾಸು, ಇನ್ನೊಂದು −11ರ ಆಸುಪಾಸು.

ತಿರುಗುವ ಸಂಭವನೀಯತೆಯನ್ನು 0.3 ಮಾಡಿದರೆ ಚೆಂದದ ಗಂಟೆ ಬರುತ್ತದೆ. ನೇರ ಸರಪಳಿಯ ಮೇಲೆ 0.05 ಇಟ್ಟರೂ, ಸರಪಳಿ ಸಾಕಷ್ಟು ಉದ್ದ ಇದ್ದರೆ ಗಂಟೆಯೇ ಬರುತ್ತದೆ. ಮರದಲ್ಲಿ ಮಾತ್ರ ಏನಾಗುತ್ತಿದೆ?

ಲೆಕ್ಕದಪುಸ್ತಕ

ನಿಮ್ಮ ಪ್ರೋಗ್ರಾಮ್ ಸರಿಯಾಗಿದೆ. ದಯವಿಟ್ಟು ಅದನ್ನು ತಿದ್ದಲು ಹೋಗಬೇಡಿ! ಮರ ನಿಜವಾಗಿಯೂ ಹಾಗೇ ನಡೆದುಕೊಳ್ಳುತ್ತದೆ. ಕೈಯಲ್ಲೇ ಲೆಕ್ಕ ಹಾಕಿ ನೋಡೋಣ.

ತಿರುಗುವ ಸಂಭವನೀಯತೆಯ ಎರಡರಷ್ಟನ್ನು 1ರಿಂದ ಕಳೆಯಿರಿ. ಅದನ್ನು ಲ್ಯಾಂಬ್ಡಾ ಅನ್ನೋಣ. ನಿಮ್ಮ ಮರದಲ್ಲಿ ಅದು 0.9. ಮರದ ಮೇಲೆ ಎರಡು ನೋಡ್‌ಗಳ ನಡುವೆ ಎಷ್ಟು ಅಂಚುಗಳಿವೆಯೋ (ಅಂಚು ಅಂದರೆ ತಾಯಿ–ಮಗುವನ್ನು ಜೋಡಿಸುವ ಗೆರೆ) ಅಷ್ಟು ಸಲ ಲ್ಯಾಂಬ್ಡಾವನ್ನು ಗುಣಿಸಿದರೆ ಅವುಗಳ ನಡುವಿನ ಕೋರಿಲೇಷನ್, ಅಂದರೆ ನಂಟಿನ ಬಲ, ಸಿಗುತ್ತದೆ.

ಈಗ 10ನೇ ತಲೆಮಾರಿನ ಒಂದು ನೋಡ್ ಹಿಡಿಯಿರಿ. ಅದರ ಒಡಹುಟ್ಟು ಒಂದು. ಅಜ್ಜಿಯ ಮೂಲಕ ಸಿಗುವ ನೆಂಟರು ಎರಡು. ಮುತ್ತಜ್ಜಿಯ ಮೂಲಕ ನಾಲ್ಕು. ಒಂದೊಂದು ತಲೆಮಾರು ಮೇಲೆ ಹೋದ ಹಾಗೆ ನೆಂಟರು ದುಪ್ಪಟ್ಟಾಗುತ್ತಾರೆ. ಆದರೆ ದಾರಿ ಎರಡು ಅಂಚು ಉದ್ದವಾಗುತ್ತದೆ, ಹತ್ತಿ ಇಳಿಯಬೇಕಲ್ವಾ. ಹಾಗಾಗಿ ನಂಟು ಲ್ಯಾಂಬ್ಡಾ ವರ್ಗದಷ್ಟು ಸಡಿಲವಾಗುತ್ತದೆ. ಒಟ್ಟಿನಲ್ಲಿ ಮೊತ್ತದ ವೇರಿಯನ್ಸ್‌ಗೆ, ಅಂದರೆ ಅದರ ಏರಿಳಿತದ ಅಳತೆಗೆ, ಪ್ರತಿ ಮೇಲಿನ ತಲೆಮಾರಿನ ಕೊಡುಗೆ ಅದರ ಕೆಳಗಿನದರ (2 × ಲ್ಯಾಂಬ್ಡಾ ವರ್ಗ) ಪಟ್ಟು.

ನಿಮ್ಮಲ್ಲಿ 2 × 0.81 = 1.62. ಒಂದಕ್ಕಿಂತ ಜಾಸ್ತಿ! ದೂರದ ನೆಂಟರು ಎಷ್ಟು ಜನ ಅಂದರೆ, ನಂಟು ಸಡಿಲವಾದರೂ ಅವರ ಒಟ್ಟು ಪ್ರಭಾವ ಹತ್ತಿರದವರದ್ದನ್ನು ಮೀರಿಸುತ್ತದೆ. ಕೂಡಿದರೆ ಮೊತ್ತದ ವೇರಿಯನ್ಸ್ 1024ರ ಸುಮಾರು 162 ಪಟ್ಟು. ಬೇರು +1 ಇದ್ದಾಗ ಮೊತ್ತದ ಸರಾಸರಿ 1024 × 0.9ರ 10ನೇ ಘಾತ, ಅಂದರೆ ಸುಮಾರು 357. ಅದನ್ನು 32ರಿಂದ ಭಾಗಿಸಿದರೆ 11.2. ನೀವು ಕಂಡ ಗುಡ್ಡ ಅದೇ. ಬೇರಿನ ನಾಣ್ಯ ಹತ್ತು ತಲೆಮಾರು ಆದಮೇಲೂ ಮರೆತುಹೋಗಿಲ್ಲ.

0.3 ಇಟ್ಟಾಗ ಲ್ಯಾಂಬ್ಡಾ 0.4, 2 × 0.16 = 0.32. ಕೊಡುಗೆಗಳು ಬೇಗ ಕರಗುತ್ತವೆ. ವೇರಿಯನ್ಸ್ ಬರೀ 1.235 ಪಟ್ಟು. ಅದಕ್ಕೇ ಗಂಟೆ.

ನಿಧಾನಗತಿ

ಹಾಗಾದರೆ ಗಡಿ ಎಲ್ಲಿದೆ?

ಲೆಕ್ಕದಪುಸ್ತಕ

2 × ಲ್ಯಾಂಬ್ಡಾ ವರ್ಗ = 1 ಆಗುವಲ್ಲಿ. ಲ್ಯಾಂಬ್ಡಾ 0.7071, ತಿರುಗುವ ಸಂಭವನೀಯತೆ ಸುಮಾರು 0.1464. ಹಲವು ಬಗೆಯ ಜೀವಿಗಳು ಕವಲೊಡೆಯುವ ಪ್ರಕ್ರಿಯೆಗಳಿಗೆ ಕೆಸ್ಟನ್ ಮತ್ತು ಸ್ಟಿಗಮ್ 1966ರಲ್ಲೇ ಇದನ್ನು ತೋರಿಸಿದ್ದಾರೆ. ಈಗಲೂ ಅದಕ್ಕೆ ಅವರದೇ ಹೆಸರು.

ತಿರುವು ಗಡಿಗಿಂತ ಜಾಸ್ತಿ (0.5ರವರೆಗೆ) ಇದ್ದರೆ ನೋಡ್‌ಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಾಕು, ಗಂಟೆ ಸಿಗುತ್ತದೆ. ಗಡಿಗಿಂತ ಕಡಿಮೆ ಇದ್ದರೆ (2 × ಲ್ಯಾಂಬ್ಡಾ)ದ ಘಾತದಿಂದ ಭಾಗಿಸಬೇಕು. ಒಂದು ತಲೆಮಾರಿನ ಮೊತ್ತ ಗೊತ್ತಿದ್ದರೆ ಮುಂದಿನ ತಲೆಮಾರಿನ ನಿರೀಕ್ಷಿತ ಮೊತ್ತ ಅದರ 2 × ಲ್ಯಾಂಬ್ಡಾ ಪಟ್ಟು. ಹಾಗಾಗಿ ಹೀಗೆ ಭಾಗಿಸಿದ್ದು ಒಂದು ಮಾರ್ಟಿಂಗೇಲ್, ಅಂದರೆ ಮುಂದಿನ ಹೆಜ್ಜೆಯ ನಿರೀಕ್ಷಿತ ಬೆಲೆ ಈಗಿನ ಬೆಲೆಯೇ ಆಗಿರುವ ಸರಣಿ. ಅದರ ವೇರಿಯನ್ಸ್ ಹಿಡಿತದಲ್ಲೇ ಇರುತ್ತದೆ, ಆದ್ದರಿಂದ ಅದು ಒಂದು ಬೆಲೆಗೆ ಹೋಗಿ ನಿಲ್ಲುತ್ತದೆ. ಆ ಬೆಲೆ ಪ್ರತಿ ಮರಕ್ಕೂ ಬೇರೆ. ಮೊದಲ ಕೆಲವು ತಲೆಮಾರುಗಳಲ್ಲಿ ಏನಾಯಿತೋ ಅದರ ನೆನಪು ಅದರಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದರ ಹಂಚಿಕೆ ಗಂಟೆಯಲ್ಲ.

ನಿಧಾನಗತಿ

ಇದು ಕೇಳಿ ಸ್ವಲ್ಪ ಗಾಬರಿಯಾಯಿತು. ಬೇರನ್ನು ಮರೆಯದಿದ್ದರೆ ದೊಡ್ಡ ಸಂಖ್ಯೆಗಳ ನಿಯಮವೂ ಬಿದ್ದುಹೋಗುತ್ತದಾ? ಸರಾಸರಿ ಸೊನ್ನೆಗೆ ಹೋಗುವುದಿಲ್ಲವಾ?

ಲೆಕ್ಕದಪುಸ್ತಕ

ಹೋಗುತ್ತದೆ, ಖಂಡಿತ ಹೋಗುತ್ತದೆ. ಸರಾಸರಿಯ ವೇರಿಯನ್ಸ್ ಲ್ಯಾಂಬ್ಡಾ ವರ್ಗದ ಘಾತದ ಹಾಗೆ ಕುಗ್ಗುತ್ತದೆ. ನಮ್ಮಲ್ಲಿ ತಲೆಮಾರಿಗೆ 0.81 ಪಟ್ಟು. ಇದು ಗುಣೋತ್ತರ ಶ್ರೇಣಿ, ಅದರ ಮೊತ್ತ ಸೀಮಿತ. ಬೊರೆಲ್–ಕಾಂಟೆಲಿ (ಸಂಭವನೀಯತೆಗಳ ಮೊತ್ತ ಸೀಮಿತವಾದರೆ ಅಂಥ ಘಟನೆಗಳು ಅನಂತ ಸಲ ನಡೆಯುವುದಿಲ್ಲ ಅನ್ನುವ ಪ್ರಮೇಯ) ಹಚ್ಚಿದರೆ ಸಂಭವನೀಯತೆ 1ರಲ್ಲಿ ಸರಾಸರಿ ಸೊನ್ನೆಗೆ ಹೋಗುತ್ತದೆ.

ಆದರೆ ವೇಗ ನೋಡಿ. 20ನೇ ತಲೆಮಾರಿನಲ್ಲಿ 10,48,576 ನೋಡ್‌ಗಳಿವೆ. ಅವೆಲ್ಲ ಸ್ವತಂತ್ರವಾಗಿದ್ದರೆ ಸರಾಸರಿಯ ಸ್ಟ್ಯಾಂಡರ್ಡ್ ಡೀವಿಯೇಷನ್ (ವೇರಿಯನ್ಸ್‌ನ ವರ್ಗಮೂಲ) 0.001 ಇರುತ್ತಿತ್ತು. ನಮ್ಮ ಮರದಲ್ಲಿ ಅದು 0.139. ಹತ್ತು ಲಕ್ಷಕ್ಕೂ ಜಾಸ್ತಿ ನೋಡ್‌ಗಳು ಸೇರಿ ಸುಮಾರು 52 ಸ್ವತಂತ್ರ ನಾಣ್ಯಗಳಷ್ಟೇ ಮಾಹಿತಿ ಕೊಡುತ್ತಿವೆ. ನಾನು ಮೊದಲ ಸಲ ಈ ಅಂಕಿ ಕಂಡಾಗ ಮೂರು ಸಲ ಮತ್ತೆ ಲೆಕ್ಕ ಹಾಕಿದ್ದೆ. ಒಂದೇ ಮೂಲದಿಂದ ಕವಲೊಡೆದ ಯಾವ ಡೇಟಾ ಇದ್ದರೂ ಸುಮ್ನೆ ನೋಡ್ ಎಣಿಸಿ ನಿಖರತೆ ಹೇಳಬಾರದು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಎಲೆಮರೆ

ಒಂದು ಚಿಕ್ಕ ಸೇರ್ಪಡೆ. ಲ್ಯಾಂಬ್ಡಾ −1 ಆದರೆ, ಅಂದರೆ ಪ್ರತಿ ಅಂಚಿನಲ್ಲೂ ಚಿಹ್ನೆ ತಿರುಗಲೇಬೇಕು ಅಂದರೆ, ನಿಯಮ ನಿಜಕ್ಕೂ ಬೀಳುತ್ತದೆ. ನೇರ ಸರಪಳಿಯಲ್ಲಿ +1, −1, +1, −1 ಒಂದನ್ನೊಂದು ಹೊಡೆದುಹಾಕಿ ಸರಾಸರಿ ಸೊನ್ನೆ ಆಗುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಬೇರಿನಿಂದ ಕೊನೆಯ ತಲೆಮಾರಿನವರೆಗೆ ಎಲ್ಲವನ್ನೂ ಕೂಡಿ ಸರಾಸರಿ ತೆಗೆದರೂ ಅದು +1/3 ಮತ್ತು −1/3ರ ನಡುವೆ ಜಿಗಿಯುತ್ತಲೇ ಇರುತ್ತದೆ.

ಕಾರಣ ಸರಳ. ಕೊನೆಯ ತಲೆಮಾರು ಒಂದೇ ಇಡೀ ಮರದ ಅರ್ಧಕ್ಕಿಂತ ಜಾಸ್ತಿ. 10 ತಲೆಮಾರಿನ ಮರದಲ್ಲಿ 2047 ನೋಡ್‌ಗಳಲ್ಲಿ 1024 ಎಲೆಗಳೇ. ಸಾಲಿನಲ್ಲಾಗಲಿ ಚೌಕಳಿಯಲ್ಲಾಗಲಿ, ಪ್ರದೇಶ ದೊಡ್ಡದಾದ ಹಾಗೆ ಅದರ ಹೊರ ಅಂಚಿನ ಪಾಲು ಸೊನ್ನೆಗೆ ಹೋಗುತ್ತದೆ. ಮರದಲ್ಲಿ ಅದು ಎಂದೂ ಕರಗುವುದಿಲ್ಲ. ಈ ಎಳೆಯಲ್ಲಿ ಬರುವ ಎಲ್ಲ ಅಚ್ಚರಿಗೂ ನನ್ನ ಪ್ರಕಾರ ಮೂಲ ಇದೇ.

ಬಿಟ್_ಬೈ_ಬಿಟ್

ನನಗೆ ಎಂಟ್ರೊಪಿ, ಅಂದರೆ ಅನಿಶ್ಚಿತತೆಯನ್ನು ಬಿಟ್‌ಗಳಲ್ಲಿ ಅಳೆಯುವ ಲೆಕ್ಕದ ಕಡೆಯಿಂದ ಕುತೂಹಲ. ಈ ಮರದ ಎಂಟ್ರೊಪಿ ಲೆಕ್ಕ ತುಂಬಾ ಸುಲಭ. ಬೇರಿಗೆ 1 ಬಿಟ್. ಆಮೇಲೆ ಪ್ರತಿ ಅಂಚಿಗೂ "ತಿರುಗಿತಾ ಇಲ್ಲವಾ" ಅನ್ನುವ ಒಂದು ಪ್ರಶ್ನೆ, ಅದರ ಎಂಟ್ರೊಪಿ 0.05ಕ್ಕೆ 0.2864 ಬಿಟ್. ನೋಡ್‌ಗಳ ಸಂಖ್ಯೆಯಿಂದ ಭಾಗಿಸಿ ಮಿತಿಗೆ ಹೋದರೆ ನೋಡ್‌ಗೆ 0.2864 ಬಿಟ್. ನೇರ ಸರಪಳಿಗೂ ಅದೇ ಉತ್ತರ.

ಶ್ಯಾನನ್ 1948ರಲ್ಲಿ ಶುರು ಮಾಡಿ, ಮೆಕ್‌ಮಿಲನ್ 1953ರಲ್ಲಿ, ಬ್ರೈಮನ್ 1957ರಲ್ಲಿ ಗಟ್ಟಿ ಮಾಡಿದ ಪ್ರಮೇಯ ಏನು ಹೇಳುತ್ತದೆ? ಕಂಡ ವಿನ್ಯಾಸದ ಸಂಭವನೀಯತೆಯ ಲಾಗ್ ತೆಗೆದು, ಚಿಹ್ನೆ ಬದಲಿಸಿ, ಉದ್ದದಿಂದ ಭಾಗಿಸಿದರೆ ಎಂಟ್ರೊಪಿ ದರ ಬರುತ್ತದೆ. ಇದನ್ನು ನೋಡ್‌ವಾರು ಮಾಹಿತಿ ಅನ್ನೋಣ. ಮರದಲ್ಲಿ ಇದರ ಏರಿಳಿತವೂ ಹುಚ್ಚಾಗಿರುತ್ತದೆ ಅಂದುಕೊಂಡು ಲೆಕ್ಕ ಹಾಕಿದೆ. ಇಲ್ಲ! ಪ್ರತಿ ಅಂಚಿನ ತಿರುವು ಬೇರೆಲ್ಲ ಅಂಚುಗಳಿಂದ ಸ್ವತಂತ್ರ. ನೋಡ್‌ಗಳ ಚಿಹ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ತಿರುವುಗಳು ಅಂಟಿಕೊಂಡಿಲ್ಲ. ಹಾಗಾಗಿ ಸೆಂಟ್ರಲ್ ಲಿಮಿಟ್ ಥಿಯರಂ (ಸ್ವತಂತ್ರ ಬೆಲೆಗಳ ಮೊತ್ತ ಗಂಟೆಯಾಕಾರಕ್ಕೆ ಹೋಗುತ್ತದೆ ಅನ್ನುವುದು) ಹಾಗೇ ಹೊಂದುತ್ತದೆ, ಗಂಟೆಯೂ ಬರುತ್ತದೆ.

20ನೇ ತಲೆಮಾರಿಗೆ ಇಳಿಯುವ ಅಂಚುಗಳನ್ನಷ್ಟೇ ತೆಗೆದುಕೊಂಡರೆ ಅಂಚುವಾರು ಮಾಹಿತಿಯ ಸ್ಟ್ಯಾಂಡರ್ಡ್ ಡೀವಿಯೇಷನ್ ಬರೀ 0.0009 ಬಿಟ್. ಅದೇ ಮರ, ಅದೇ ತಲೆಮಾರು. ಚಿಹ್ನೆಗಳ ಸರಾಸರಿ 0.139ರಷ್ಟು ಓಲಾಡುತ್ತಿದೆ, ಮಾಹಿತಿಯ ಸರಾಸರಿ ಕಲ್ಲಿನ ಹಾಗೆ ನಿಂತಿದೆ. ಇದಕ್ಕಿಂತ ಸೊಗಸಾದ ಉದಾಹರಣೆ ನಾನು ನೋಡಿಲ್ಲ.

ಎಲೆಮರೆ

ಸೊಗಸು ಹೌದು. ಆದರೆ ಇದು ಸಮ್ಮಿತಿಯ ಕೊಡುಗೆ. ಅದನ್ನು ತೆಗೆದರೆ ಈ ಕಲ್ಲೂ ಅಲುಗುತ್ತದೆ.

ಚಿಹ್ನೆಗಳ ಬದಲು 0 ಮತ್ತು 1 ಅನ್ನೋಣ. 0 ಇರುವ ತಾಯಿಯಿಂದ 1 ಹುಟ್ಟುವ ಸಂಭವನೀಯತೆ 0.02. 1 ಇರುವ ತಾಯಿಯಿಂದ 0 ಹುಟ್ಟುವುದು 0.08. ಎರಡನ್ನೂ 1ರಿಂದ ಕಳೆದರೆ ಲ್ಯಾಂಬ್ಡಾ ಮತ್ತೆ 0.9. ಸ್ಥಿರ ಹಂಚಿಕೆಯಲ್ಲಿ ಶೇ. 80 ಸೊನ್ನೆ, ಶೇ. 20 ಒಂದು. ಸೊನ್ನೆ ತಾಯಿಯ ಕೆಳಗಿನ ಅಂಚಿನ ಎಂಟ್ರೊಪಿ 0.1414 ಬಿಟ್, ಒಂದು ತಾಯಿಯ ಕೆಳಗೆ 0.4022 ಬಿಟ್. ಸರಾಸರಿ 0.1936.

ಈಗ ಅಂಚಿನ ಮಾಹಿತಿ ತಾಯಿಯ ಬೆಲೆಯ ಮೇಲೆ ನಿಂತಿದೆ. ತಾಯಂದಿರಲ್ಲಿ ಒಂದುಗಳ ಪಾಲು ಎಷ್ಟು ಓಲಾಡುತ್ತದೋ ಅಷ್ಟಕ್ಕೆ 0.2608 ಗುಣಿಸಿ, ಮಾಹಿತಿಯೂ ಓಲಾಡುತ್ತದೆ. 19ನೇ ತಲೆಮಾರಿನಲ್ಲಿ ಆ ಪಾಲಿನ ಓಲಾಟ ಸುಮಾರು 0.062. ಹಾಗಾಗಿ ಮಾಹಿತಿಯ ಓಲಾಟ ಸುಮಾರು 0.016 ಬಿಟ್. 0.0009ರ ಎದುರು ಇದು ತುಂಬಾ ದೊಡ್ಡದು. ಮಿತಿಯೂ ಗಂಟೆಯಲ್ಲ, ಲೆಕ್ಕದಪುಸ್ತಕ ಅವರು ಹೇಳಿದ ಆ ಮಾರ್ಟಿಂಗೇಲ್ ಬೆಲೆಯೇ.

ಅಂದರೆ ಮಾಹಿತಿ 0.1936ಕ್ಕೆ ಹೋಗುತ್ತದೆ ಅನ್ನುವುದು ಗಟ್ಟಿ. ಅದರ ಸುತ್ತ ಎಷ್ಟು, ಹೇಗೆ ಓಲಾಡುತ್ತದೆ ಅನ್ನುವುದಕ್ಕೆ ಕೆಸ್ಟನ್–ಸ್ಟಿಗಮ್ ಗಡಿ ನೋಡಲೇಬೇಕು. ಎರಡು ತಾಯಂದಿರ ಎಂಟ್ರೊಪಿ ಸಮ ಆದಾಗ ಮಾತ್ರ ಆ ಗಡಿ ಕಣ್ಣಿಗೆ ಬೀಳುವುದಿಲ್ಲ.

ಬಿಟ್_ಬೈ_ಬಿಟ್

ಧನ್ಯವಾದ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಮರದ ಮೇಲೆ ಶ್ಯಾನನ್–ಮೆಕ್‌ಮಿಲನ್ ಪ್ರಮೇಯ ಸುಲಭಕ್ಕೆ ಸಿಕ್ಕಿದ್ದಲ್ಲ ಅನ್ನಿ.

ಎಲೆಮರೆ

ಅಲ್ಲ. ಸಾಲಿನಲ್ಲಿ ಎರ್ಗೋಡಿಕ್ ಪ್ರಮೇಯ (ಸಾಲಿನುದ್ದಕ್ಕೂ ತೆಗೆದ ಸರಾಸರಿ ನಿರೀಕ್ಷಿತ ಬೆಲೆಗೆ ಹೋಗುತ್ತದೆ ಅನ್ನುವುದು) ಹಚ್ಚಿ ಮುಗಿಸಬಹುದು. ಆ ಸಾಧನವನ್ನು ಮರಕ್ಕೆ ಹಾಗೇ ತರಲು ಆಗುವುದಿಲ್ಲ, ಮತ್ತೆ ಅದೇ ಹೊರ ಅಂಚಿನ ತೊಡಕು. ಟೋಬಿ ಬರ್ಗರ್ ಮತ್ತು ಝೋಂಗ್‌ಶಿಂಗ್ ಯೆ 1990ರಲ್ಲಿ ಮರದ ಮೇಲಿನ ಫೀಲ್ಡ್‌ಗಳ ಎಂಟ್ರೊಪಿ ದರ ಕುರಿತು ಬರೆದರು. ಬೆಂಜಮಿನಿ ಮತ್ತು ಪೆರೆಸ್ 1994ರಲ್ಲಿ ಮರವನ್ನೇ ಕಾಲದ ಹಾಗೆ ಹಿಡಿದು ಮಾರ್ಕೊವ್ ಚೈನ್ ಅಧ್ಯಯನ ಮಾಡಿದರು. 1996ರಲ್ಲಿ ಯೆ ಮತ್ತು ಬರ್ಗರ್ ಪ್ರಮೇಯವನ್ನು ಸಂಭವನೀಯತೆಯ ಅರ್ಥದಲ್ಲಿ (ದೂರ ಉಳಿಯುವ ಸಂಭವನೀಯತೆ ಸೊನ್ನೆಗೆ ಹೋಗುತ್ತದೆ ಅಂತ) ಸಾಧಿಸಿದರು. ಸಂಭವನೀಯತೆ 1ರ ಬಲವಾದ ರೂಪ 2000ದ ನಂತರದ ವರ್ಷಗಳಲ್ಲಿ ವೆಯ್‌ಗುವೊ ಯಾಂಗ್ ಮತ್ತು ಜೊತೆಗಾರರ ಕೆಲಸದಲ್ಲಿ ಬಂತು. ಅಲ್ಲಿ ತಾಯಿ–ಮಗು ಜೋಡಿಗಳ ಎಣಿಕೆಗೆ ಮೊದಲು ದೊಡ್ಡ ಸಂಖ್ಯೆಗಳ ನಿಯಮ ಸಾಧಿಸುತ್ತಾರೆ. ಎಂಟ್ರೊಪಿ ಅದರಿಂದಲೇ ಉದುರುತ್ತದೆ.

ಕವಲುದಾರಿ

ನಾನು ತಲೆಬರಹದಲ್ಲಿ ಮಾರ್ಕೊವ್ ಫೀಲ್ಡ್ ಅಂದೆ. ಮಾಡಿದ್ದು ಬೇರಿನಿಂದ ಇಳಿಯುವ ಚೈನ್. ಮರದಲ್ಲಿ ಸುತ್ತುಗಳೇ ಇಲ್ಲವಲ್ಲ, ಹಾಗಾದರೆ ಎರಡೂ ಒಂದೇ ತಾನೆ?

ಎಲೆಮರೆ

ತುಂಬಾ ಒಳ್ಳೆಯ ಪ್ರಶ್ನೆ. ಒಂದೇ ಅಲ್ಲ. ಸ್ಪಿಟ್ಜರ್ 1975ರಲ್ಲಿ ಬರೆದ ಲೇಖನದ ವಿಷಯವೇ ಅನಂತ ಮರದ ಮೇಲಿನ ಮಾರ್ಕೊವ್ ಫೀಲ್ಡ್.

ಫೀಲ್ಡ್ ಅಂದರೆ: ಸೀಮಿತವಾದ ಒಂದು ತುಂಡನ್ನು ಹಿಡಿಯಿರಿ, ಹೊರಗಿನ ಎಲ್ಲವೂ ಗೊತ್ತಿದೆ ಅನ್ನಿ. ತುಂಡಿನೊಳಗಿನ ಹಂಚಿಕೆಗೆ ಅದನ್ನು ತಾಗುವ ನೋಡ್‌ಗಳಷ್ಟೇ ಸಾಕು. ಚೈನ್ ಇದಕ್ಕಿಂತ ಜಾಸ್ತಿ ಕೇಳುತ್ತದೆ: ಒಂದು ನೋಡ್ ಗೊತ್ತಾದರೆ ಅದರ ಆಚೀಚೆಯ ಅನಂತ ಕೊಂಬೆಗಳು ಸ್ವತಂತ್ರವಾಗಿರಬೇಕು.

ನಿಮ್ಮದೇ ಮರ ತೆಗೆದುಕೊಳ್ಳಿ. ಎಲೆಗಳನ್ನೆಲ್ಲ +1ಕ್ಕೆ ಕಟ್ಟಿಹಾಕಿ, ಎಲೆಗಳನ್ನು ಅನಂತ ದೂರಕ್ಕೆ ಒಯ್ಯಿರಿ. ದೂರದ ಸುದ್ದಿ ಪ್ರತಿ ಅಂಚಿನಲ್ಲಿ ಲ್ಯಾಂಬ್ಡಾ ಪಟ್ಟು ತಗ್ಗುತ್ತದೆ, ಆದರೆ ಪ್ರತಿ ನೋಡ್‌ಗೂ ಎರಡು ಕಡೆಯಿಂದ ಬರುತ್ತದೆ. 2 × ಲ್ಯಾಂಬ್ಡಾ ಒಂದಕ್ಕಿಂತ ಜಾಸ್ತಿ ಇದ್ದರೆ, ಅಂದರೆ ತಿರುಗುವ ಸಂಭವನೀಯತೆ 0.25ಕ್ಕಿಂತ ಕಡಿಮೆ ಇದ್ದರೆ, ಸುದ್ದಿ ಬೇರಿನವರೆಗೂ ಉಳಿಯುತ್ತದೆ. ಆಗ ಒಂದೇ ಸ್ಥಳೀಯ ನಿಯಮ ಪಾಲಿಸುವ ಒಂದು ಪ್ಲಸ್ ಸ್ಥಿತಿ, (ಎಲೆಗಳನ್ನು −1ಕ್ಕೆ ಕಟ್ಟಿದರೆ) ಒಂದು ಮೈನಸ್ ಸ್ಥಿತಿ ಬೇರೆಬೇರೆಯಾಗಿ ನಿಲ್ಲುತ್ತವೆ. ಭೌತಶಾಸ್ತ್ರದವರಿಗೆ ಇದು ಬೆಥೆ ಜಾಲದ (ಅನಂತ ಮರದ) ಮೇಲಿನ ಐಸಿಂಗ್ ಮಾದರಿ, ಅಂದರೆ ಕಾಂತತ್ವದ ಒಂದು ಸರಳ ಮಾದರಿ.

ಈಗ ಒಂದು ನಾಣ್ಯ ಚಿಮ್ಮಿ ಇಡೀ ಮರಕ್ಕೆ ಪ್ಲಸ್ ಅಥವಾ ಮೈನಸ್ ಸ್ಥಿತಿ ಆರಿಸಿ. ಈ ಮಿಶ್ರಣ ಮಾರ್ಕೊವ್ ಫೀಲ್ಡ್ ಹೌದು. ಚೈನ್ ಅಲ್ಲ. ಒಂದು ನೋಡ್ ಗೊತ್ತಿದ್ದರೂ ಎಡಗೊಂಬೆಯನ್ನು ದೂರದವರೆಗೆ ನೋಡಿದರೆ ಯಾವ ಸ್ಥಿತಿ ಅಂತ ತಿಳಿಯುತ್ತದೆ, ಅದರಿಂದ ಬಲಗೊಂಬೆಯ ಸುಳಿವೂ ಸಿಗುತ್ತದೆ. ಇನ್ನು ಒಡೆಯಲಾಗದ ಫೀಲ್ಡ್‌ಗಳು, ಅಂದರೆ ಮಿಶ್ರಣವಲ್ಲದವು, ಎಲ್ಲವೂ ಚೈನ್‌ಗಳೇ.

ತಿರುಗಿಸಿ ಹೇಳಿದರೆ ಮಾತ್ರ ತಪ್ಪು. ನಿಮ್ಮ 0.05ರ ಚೈನ್ ಚೈನ್ ಆಗಿದ್ದೂ ಮಿಶ್ರಣವೇ. ತಿರುವು 0.1464ಕ್ಕಿಂತ ಕಡಿಮೆ ಆದರೆ ಹಾಗಾಗುತ್ತದೆ, 0.1464ರಿಂದ 0.25ರವರೆಗೆ ಅದು ಒಡೆಯುವುದಿಲ್ಲ. ಬ್ಲೆಹರ್, ರುಯಿಜ್, ಝಾಗ್ರೆಬ್ನೊವ್ 1995ರಲ್ಲಿ ಇದನ್ನು ಸಾಧಿಸಿದರು. ನೋಡಿ, ಗಂಟೆ ಒಡೆಯುವ ಗಡಿ ಮತ್ತು ಫೀಲ್ಡ್ ಒಡೆಯುವ ಗಡಿ ಎರಡೂ ಒಂದೇ ಜಾಗದಲ್ಲಿ ಬಂದವು! ಎರಡು ಬೆಲೆಗಳಿರುವ ಸಮ್ಮಿತ ಮಾದರಿಗೆ ಹೀಗೆ. ಬೆಲೆಗಳು ತುಂಬಾ ಇದ್ದರೆ ಎರಡೂ ಕೂಡಿಬರಬೇಕಿಲ್ಲ ಅಂತ ಮೊಸ್ಸೆಲ್ 2001ರಲ್ಲಿ ತೋರಿಸಿದ್ದಾರೆ.

ನಿಧಾನಗತಿ

ಪ್ಲಸ್ ಮತ್ತು ಮೈನಸ್ ಎರಡೂ ಒಂದೇ ಸ್ಥಳೀಯ ನಿಯಮ ಪಾಲಿಸುತ್ತವೆ ಅಂದಿರಿ. ಹಾಗಾದರೆ ನೋಡ್‌ವಾರು ಎಂಟ್ರೊಪಿ ದೃಷ್ಟಿಯಿಂದ ಅವುಗಳ ಅಂತರ ಸೊನ್ನೆ ಅಲ್ವಾ? ಚೌಕಳಿ ಜಾಲದಲ್ಲಿ ಹಾಗೇ ಓದಿದ ನೆನಪು.

ಎಲೆಮರೆ

ಚೌಕಳಿಯಲ್ಲಿ ಸರಿ. ಅಲ್ಲಿ ಎರಡು ಸ್ಥಿತಿಗಳ ವ್ಯತ್ಯಾಸ ಹುಟ್ಟುವುದು ಹೊರ ಅಂಚಿನಲ್ಲಿ ಮಾತ್ರ, ಆ ಅಂಚಿನ ಪಾಲು ಕರಗುತ್ತದೆ, ಹಾಗಾಗಿ ಸಾಪೇಕ್ಷ ಎಂಟ್ರೊಪಿ (ಎರಡು ಹಂಚಿಕೆಗಳ ಅಂತರದ ಅಳತೆ) ನೋಡ್‌ವಾರು ಸೊನ್ನೆ. ಮರದಲ್ಲಿ ಹೊರ ಅಂಚೇ ಅರ್ಧ. ಸ್ಥಳೀಯ ನಿಯಮ ಒಂದೇ ಆಗಿದ್ದರೂ ಸಾಪೇಕ್ಷ ಎಂಟ್ರೊಪಿ ಸೊನ್ನೆಗಿಂತ ಜಾಸ್ತಿ ಉಳಿಯುತ್ತದೆ. ಚೌಕಳಿಯ ವೇರಿಯೇಷನಲ್ ತತ್ವ (ಸ್ಥಳೀಯ ನಿಯಮ ಪಾಲಿಸುವ ಸ್ಥಿತಿಗಳನ್ನು ಎಂಟ್ರೊಪಿ ಲೆಕ್ಕದಿಂದಲೇ ಗುರುತಿಸುವುದು) ಮರದಲ್ಲಿ ನಡೆಯುವುದಿಲ್ಲ ಅಂತ ಬರ್ಟನ್, ಫಿಸ್ಟರ್, ಸ್ಟೈಫ್ ತೋರಿಸಿದ್ದಾರೆ.

ಲೆಕ್ಕದಪುಸ್ತಕ

ಹೊರ ಅಂಚಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಬಿಟ್_ಬೈ_ಬಿಟ್ ಅವರು ಹೇಳಿದ 0.2864 ಎಲೆಗಳನ್ನು ಸೇರಿಸಿದ ಲೆಕ್ಕ. ಒಳಗಿನ ನೋಡ್‌ಗೆ ಮಾತ್ರ ಎಂಟ್ರೊಪಿ ಎಷ್ಟು ಅಂತ ಕೇಳಿದರೆ ಉತ್ತರ ಬೇರೆ!

ಅಂಚುಗಳ ಜೋಡಿ ಎಂಟ್ರೊಪಿ ಎಲ್ಲ ಕೂಡಿ. ಪ್ರತಿ ನೋಡ್ ತನಗೆ ಎಷ್ಟು ಅಂಚುಗಳಿವೆಯೋ ಅಷ್ಟು ಸಲ ಎಣಿಕೆಯಾಗಿರುತ್ತದೆ. ಒಂದು ಸಲ ಬಿಟ್ಟು ಉಳಿದದ್ದನ್ನು ಕಳೆಯಿರಿ. ಎಲೆಗಳಿರುವ ಮರದಲ್ಲಿ ನೋಡ್‌ಗೆ ಸರಾಸರಿ ಒಂದೇ ಅಂಚು, ಅದಕ್ಕೇ 1.2864 − 1 = 0.2864. ಆದರೆ ಒಳಗಿನ ನೋಡ್‌ಗೆ ಮೂರು ಅಂಚುಗಳಿವೆ. ಪ್ರತಿ ಅಂಚನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಅಂದರೆ ತಲಾ 1.5. ಆಗ 1.5 × 1.2864 − 2 = ಸುಮಾರು −0.07 ಬಿಟ್. ಎಂಟ್ರೊಪಿ ಋಣಾತ್ಮಕ!

ಬಿಟ್_ಬೈ_ಬಿಟ್

ಬಿಡಿ ಬೆಲೆಗಳ ಎಂಟ್ರೊಪಿ ಋಣಾತ್ಮಕ ಆಗುವುದಾದರೂ ಹೇಗೆ?

ಲೆಕ್ಕದಪುಸ್ತಕ

ಅದು ಒಂದು ವಿನ್ಯಾಸದ ಎಂಟ್ರೊಪಿ ಅಲ್ಲ, ಎಣಿಕೆಯ ಘಾತ. ಎಲೆಗಳೇ ಇಲ್ಲದ, ಎಲ್ಲ ನೋಡ್‌ಗೂ ಮೂರು ಅಂಚುಗಳಿರುವ ದೊಡ್ಡ ಯಾದೃಚ್ಛಿಕ ಗ್ರಾಫ್ ತೆಗೆದುಕೊಳ್ಳಿ. ಯಾವ ನೋಡ್‌ನಿಂದ ನೋಡಿದರೂ ಸುತ್ತಮುತ್ತ ಬಹುಪಾಲು ಮರದ ಹಾಗೇ ಕಾಣುತ್ತದೆ. ಅದರ ಮೇಲೆ ಅರ್ಧ +1, ಅರ್ಧ −1, ಶೇ. 5 ಅಂಚುಗಳಲ್ಲಿ ಮಾತ್ರ ಚಿಹ್ನೆ ಬದಲು ಆಗುವ ವಿನ್ಯಾಸಗಳು ಎಷ್ಟಿವೆ? ಸರಾಸರಿಯಲ್ಲಿ 2ರ ಘಾತ (−0.07 × ನೋಡ್‌ಗಳ ಸಂಖ್ಯೆ). ಅಂದರೆ ಗ್ರಾಫ್ ದೊಡ್ಡದಾದಂತೆ ಅಂಥ ಒಂದು ವಿನ್ಯಾಸವೂ ಸಿಗುವುದಿಲ್ಲ.

ಈ ಲೆಕ್ಕ ಸೊನ್ನೆ ಮುಟ್ಟುವುದು ಅಂಚಿನ ಎಂಟ್ರೊಪಿ 1/3 ಬಿಟ್ ಆದಾಗ, ತಿರುವು ಸುಮಾರು 0.0615. ಹಾಗಾಗಿ ಅಂಥ ಗ್ರಾಫನ್ನು ಎರಡು ಸಮಪಾಲು ಮಾಡಬೇಕಾದರೆ 100 ನೋಡ್‌ಗೆ 9ಕ್ಕಿಂತ ಜಾಸ್ತಿ ಅಂಚು ಕತ್ತರಿಸಲೇಬೇಕು. ಮರದ ಎಂಟ್ರೊಪಿಯಿಂದ ಗ್ರಾಫ್ ಕತ್ತರಿಸುವ ಸಮಸ್ಯೆಗೆ ಉತ್ತರ! ಫ್ರೀ ಗ್ರೂಪ್‌ಗಳಿಗೆ (ಮರದಂಥ ರಚನೆಯಿರುವ ಬೀಜಗಣಿತದ ಗುಂಪುಗಳಿಗೆ) ಲೂಯಿಸ್ ಬೋವೆನ್ 2010ರಲ್ಲಿ ತಂದ ಎಂಟ್ರೊಪಿಯೂ ಇದೇ ಬಗೆಯ ಲೆಕ್ಕ, ಅದೂ ಋಣಾತ್ಮಕ ಆಗಬಹುದು.

ಕವಲುದಾರಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಎಲೆಮರೆ ಅವರ 0.02, 0.08 ಹಾಕಿ ನೋಡಿದೆ. 20ನೇ ತಲೆಮಾರಿನ ಮಾಹಿತಿಯ ಓಲಾಟ ಹೇಳಿದ ಹಾಗೇ 0.016 ಹತ್ತಿರ ಬಂತು. ಹಿಸ್ಟೋಗ್ರಾಮ್‌ಗೆ ಬಲಕ್ಕೆ ಉದ್ದ ಬಾಲ ಇದೆ. ಬೇರಿನಲ್ಲಿ 1 ಬಿದ್ದ ಮರಗಳೇ ಬಹುತೇಕ ಆ ಬಾಲದಲ್ಲಿವೆ.

ಈಗ ಸಮ್ಮಿತ ಮರಕ್ಕೇ ಮರಳಿ ಗಡಿಯಲ್ಲಿ, ಅಂದರೆ ಸರಿಯಾಗಿ 0.1464 ಹಾಕಿ ಓಡಿಸಬೇಕು. ಅಲ್ಲಿ ಯಾವುದರಿಂದ ಭಾಗಿಸಲಿ?

ಲೆಕ್ಕದಪುಸ್ತಕ

ಅಲ್ಲಿ ಎಲ್ಲ ತಲೆಮಾರಿನ ನೆಂಟರ ಕೊಡುಗೆಯೂ ಸಮ, ತಲಾ ಅರ್ಧ. 10ನೇ ತಲೆಮಾರಿಗೆ ವೇರಿಯನ್ಸ್ 1024ರ (1 + 10/2) ಪಟ್ಟು, ಅಂದರೆ 6 ಪಟ್ಟು. 20ನೆಯದಕ್ಕೆ 11 ಪಟ್ಟು. ನೋಡ್‌ಗಳ ಸಂಖ್ಯೆಗೆ ಈ ಪಟ್ಟನ್ನು ಗುಣಿಸಿ ವರ್ಗಮೂಲ ತೆಗೆದು ಭಾಗಿಸಿ. ಗಂಟೆ ಬರುತ್ತದೆ, ಆದರೆ ನಿಧಾನಕ್ಕೆ. 10ರಲ್ಲೇ ನಿಲ್ಲಿಸಬೇಡಿ.